ಹತ್ತು ಸಾವಿರ ಸಲ ಎಸೆದರೆ ಒಂದು ಮೀನು

“ಎಲ್ಲಿ ಕಾಣೆಯಾಗಿಬಿಟ್ಟಿರಿ?” ಎಂದು ಕೇಳಿದ ಪತ್ರಗಳ ಒಂದು ಸಣ್ಣ ಕಟ್ಟೇ ನನ್ನ ಮುಂದಿದೆ. ಹೊಳೆನರಸೀಪುರದ ಸೋದರಿಯೊಬ್ಬರಂತೂ “ಹಲಸಿನ ಹಪ್ಪಳದ ಕಾಲ ಬಂದು ಹೋಯಿತು, ನೀವು ಮಾತ್ರ ಬರಲಿಲ್ಲ” ಎಂದು ಮುನಿಸಿಕೊಂಡಿದ್ದಾರೆ. ತಪ್ಪಾಯಿತು. ಆರು ತಿಂಗಳು ನಾನು ಮಗಳ ಮನೆಯಲ್ಲಿದ್ದೆ, ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ. ಕಾಣೆ ಮೀನಿನ ಊರಿನವಳು ಕಾಣೆಯಾದರೆ ಆಶ್ಚರ್ಯವೇನು ಎಂದು ನಮ್ಮ ಮನೆಯವರು ಇದ್ದಿದ್ದರೆ ನಗುತ್ತಿದ್ದರು.

ಊರಿಗೆ ಬಂದ ಮೇಲೆ ನೋಡಲು ಬಂದವರದೆಲ್ಲ ಒಂದೇ ಪ್ರಶ್ನೆ, ನಯಾಗರ ನೋಡಿದಿರಾ ಅಂತ. ನೋಡಲಿಲ್ಲ. ನಾನು ಅಲ್ಲಿ ಗಾಳ ಹಾಕುವುದನ್ನು ಕಲಿತೆ. ಹೌದು, ಅರವತ್ಮೂರನೆಯ ವಯಸ್ಸಿನಲ್ಲಿ, ಮಗಳ ಪ್ಯಾಂಟು ತೊಟ್ಟುಕೊಂಡು, ತಲೆಗೊಂದು ಟೋಪಿ ಇಟ್ಟುಕೊಂಡು! ಮೀನು ತಿನ್ನದ ಸೋದರಿಯರು ಮೂಗು ಮುಚ್ಚಿ ಪುಟ ತಿರುಗಿಸಬೇಡಿ. ಈ ಬರಹದಲ್ಲಿ ಒಂದು ಮೀನೂ ಬಾಣಲೆಗೆ ಬೀಳುವುದಿಲ್ಲ. ಬಿದ್ದಿದ್ದರೆ ನನ್ನ ಮನಸ್ಸಿಗೆ ಎಷ್ಟೋ ಸಮಾಧಾನವಿರುತ್ತಿತ್ತು, ಹೇಳಹೊರಟಿರುವುದೂ ಅದನ್ನೇ.

ಮಗಳು ಅಳಿಯ ಇಬ್ಬರೂ ಕೆಲಸಕ್ಕೆ ಹೋಗುವವರು. ಮನೆ ಇರುವುದು ಮಿನಿಯಾಪೊಲಿಸ್ ನಗರದ ಪಶ್ಚಿಮಕ್ಕೆ, ಮಿನೆಟೊಂಕ ಎಂಬ ದೊಡ್ಡ ಸರೋವರದ ಹತ್ತಿರ. ಬೆಳಿಗ್ಗೆ ಎಂಟಕ್ಕೆಲ್ಲ ಮನೆ ಖಾಲಿ. ಅಡುಗೆಗೆ ಕೈ ಹಾಕಿದರೆ “ಅಮ್ಮ, ನೀನು ಸುಮ್ನೆ ಕೂತ್ಕೊ ಮಾರಾಯ್ತಿ, ಊರಲ್ಲಿ ಮಾಡಿದ್ದು ಸಾಲದಾ?” ಅನ್ನುವಳು ಮಗಳು. ಸುಮ್ಮನೆ ಕೂರುವುದು ಎಷ್ಟು ಕಷ್ಟ ಅಂತ ಕೂತವರಿಗೇ ಗೊತ್ತು. ಫ್ರಿಜ್ಜಿನಲ್ಲಿ ಯಾವ ಡಬ್ಬಿ ಎಲ್ಲಿರಬೇಕು ಎಂಬುದಕ್ಕೂ ಅಲ್ಲಿ ಅವಳದೇ ಒಂದು ಕ್ರಮ. ನಾನಿಟ್ಟದ್ದನ್ನು ರಾತ್ರಿ ಸದ್ದಿಲ್ಲದೆ ಜಾಗ ಬದಲಾಯಿಸುತ್ತಿದ್ದಳು. (ನಾನೂ ನಮ್ಮತ್ತೆಯವರ ಅಡುಗೆಮನೆಯಲ್ಲಿ ಹಾಗೇ ಮಾಡಿದವಳು, ದೂರುವ ಹಾಗಿಲ್ಲ.) ಹನ್ನೆರಡು ವರ್ಷದ ಮೊಮ್ಮಗನೊಬ್ಬ. ನಾನಾಡುವ ಕನ್ನಡವೆಲ್ಲ ಅವನಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. “ಅಮ್ಮಮ್ಮ” ಎಂಬ ಒಂದು ಶಬ್ದ ಬಿಟ್ಟರೆ ಅವನ ಬಾಯಿಂದ ಕನ್ನಡ ಕೇಳಿದ್ದೇ ಇಲ್ಲ.

ಪಕ್ಕದ ಮನೆಯಲ್ಲಿ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು, ನನಗಿಂತ ಐದು ವರ್ಷ ದೊಡ್ಡವರು, ಒಬ್ಬರೇ ಇರುವವರು. ಅವರ ಹೆಸರು ನನ್ನ ನಾಲಿಗೆಗೆ ತಿರುಗದ್ದರಿಂದ ಟೀಚರಮ್ಮ ಎಂದೇ ಕರೆದೆ. ಅರ್ಥ ಕೇಳಿ ತಿಳಿದುಕೊಂಡು ಬಹಳ ಖುಷಿಪಟ್ಟರು. ಜೂನ್ ಮೊದಲ ವಾರ, ಒಂದು ಬೆಳಿಗ್ಗೆ ಅವರು ಅಂಗಳದಲ್ಲಿ ಹುಲ್ಲಿನ ಮೇಲೆ ಒಂದು ಗುರಿ ಇಟ್ಟು ಗಾಳದ ಕೋಲು ಬೀಸುತ್ತಿದ್ದರು. ನೀರೇ ಇಲ್ಲದ ಕಡೆ ಗಾಳ! ನಾನು ಬೇಲಿಯಂಚಿಗೆ ಹೋಗಿ ನಿಂತೆ. “ಹಿಡಿಯಿರಿ, ನೋಡೋಣ” ಎಂದು ಕೋಲನ್ನು ನನ್ನ ಕೈಗೇ ಕೊಟ್ಟುಬಿಟ್ಟರು.

ನಾನು ಹುಟ್ಟಿ ಬೆಳೆದದ್ದು ಕುಂದಾಪುರದ ಹತ್ತಿರ, ಪಂಚಗಂಗಾವಳಿಯ ದಂಡೆಯಲ್ಲಿ. ಅಜ್ಜ ಸಂಜೆ ಹೊತ್ತು ದಾರದ ಗಾಳ ಹಾಕಿ ಕೂತರೆ ಪಕ್ಕದಲ್ಲಿ ಚಿಮಣಿ ಹಿಡಿದು ಕೂರುತ್ತಿದ್ದವಳು ನಾನೇ. ಆದರೆ ಕೋಲು ನನ್ನ ಕೈಗೆ ಬಂದದ್ದಿಲ್ಲ; ಹೆಣ್ಣುಮಕ್ಕಳ ಪಾಲಿಗೆ ಬಂದದ್ದು ಮೀನು ಹಸನು ಮಾಡುವ ಕತ್ತಿ. ಹಾಗಾಗಿ ಆ ಬೆಳಿಗ್ಗೆ ಟೀಚರಮ್ಮನ ಎಂಟೂವರೆ ಅಡಿಯ ಕೋಲು ಹಿಡಿದಾಗ ಏನೋ ಕದ್ದು ಮುಟ್ಟಿದ ಹಾಗೆ ಅನಿಸಿತು.

ಅವರು ಬೆನ್ನು ಹತ್ತಿರುವ ಮೀನಿನ ಹೆಸರು ಮಸ್ಕಿ. ನಮಗೆ ಮಸ್ಕಿ ಎಂದರೆ ರಾಯಚೂರು ಸೀಮೆಯ ಮಸ್ಕಿ, ಅಶೋಕನ ಶಾಸನದ ಊರು. ಇದು ಬೇರೆ. ಪೂರ್ತಿ ಹೆಸರು ಮಸ್ಕಲಂಜ್, ಅಲ್ಲಿಯ ಮೂಲನಿವಾಸಿಗಳಾದ ಒಜಿಬ್ವೆ ಜನರ ಭಾಷೆಯಿಂದ ಬಂದದ್ದು. ಉತ್ತರ ಅಮೆರಿಕದ ಸಿಹಿನೀರಿನಲ್ಲಿ ಮಾತ್ರ ಇರುವ ಮೀನು. ಬಾತುಕೋಳಿಯ ಕೊಕ್ಕಿನಂಥ ಚಪ್ಪಟೆ ಮೂತಿ, ಒಳಗೆ ಮೊಸಳೆಯ ಹಾಗೆ ಹಲ್ಲು, ಮೈ ನಮ್ಮ ಒನಕೆಯ ಹಾಗೆ ಉದ್ದ. ಜೊಂಡಿನ ಮರೆಯಲ್ಲಿ ಅಲುಗಾಡದೆ ನಿಂತು, ಎದುರಿಗೆ ಬಂದ ಮೀನಿನ ಮೇಲೆ ಬಾಣದ ಹಾಗೆ ಎರಗುತ್ತದೆ. ಒಮ್ಮೊಮ್ಮೆ ಬಾತುಮರಿಯನ್ನೂ ಎಳೆದುಕೊಳ್ಳುತ್ತದಂತೆ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬದುಕುವುದುಂಟು, ಹೆಣ್ಣೇ ಗಂಡಿಗಿಂತ ದೊಡ್ಡದಾಗಿ ಬೆಳೆಯುವುದು. ಇಷ್ಟೆಲ್ಲ ಜೋರಿನ ಮೀನು, ಆದರೆ ಇಡೀ ಕೆರೆಗೆ ಎಣಿಸಿದಷ್ಟು ಮಾತ್ರ. ಅದಕ್ಕೇ ಇದಕ್ಕೆ “ಹತ್ತು ಸಾವಿರ ಎಸೆತದ ಮೀನು” ಎಂಬ ಹೆಸರು. ಅಂದರೆ ಹತ್ತು ಸಾವಿರ ಸಲ ಗಾಳ ಎಸೆದರೆ ಒಂದು ಸಿಕ್ಕೀತು! ಅಲ್ಲಿಯ ಕಾರುಗಳ ನಂಬರಿನ ಫಲಕದ ಮೇಲೆ “ಹತ್ತು ಸಾವಿರ ಕೆರೆಗಳು” ಎಂದು ಬರೆದಿರುತ್ತದೆ. ಕೆರೆಗೊಂದು ಸಲ ಎಸೆದರೂ ಲೆಕ್ಕ ಸರಿಹೋಯಿತು ನೋಡಿ.

“ಅಷ್ಟು ಕಷ್ಟಪಟ್ಟು ಹಿಡಿದು ಸಾರು ಮಾಡುತ್ತಾರಾ, ಹುರಿಯುತ್ತಾರಾ?” ಎಂದು ಮೊಮ್ಮಗನ ಮೂಲಕ ಕೇಳಿಸಿದೆ. “ಬಿಟ್ಟುಬಿಡುತ್ತೇವೆ” ಅಂದರು ಟೀಚರಮ್ಮ.

ನನಗೆ ನಗು ಬಂತು. ನಮ್ಮಜ್ಜಿ ಬೈಗೆಯ ತಲೆಯನ್ನೂ ಎಸೆದವರಲ್ಲ. ಹಿಡಿದ ಮೀನನ್ನು ಮುಟ್ಟಿ, ಅಳೆದು, ಮತ್ತೆ ನೀರಿಗೇ ಬಿಡುವುದೆಂದರೆ? ಅವರು ವಿವರಿಸಿದರು. ಮೊದಲೆಲ್ಲ ಹೀಗಿರಲಿಲ್ಲವಂತೆ. ಹಿಡಿದವರು ಹೊಡೆದು ಕೊಂದು, ಹಗ್ಗಕ್ಕೆ ನೇತುಹಾಕಿ ಫೋಟೋ ತೆಗೆಸಿಕೊಂಡು, ಗೋಡೆಗೆ ಹಚ್ಚುತ್ತಿದ್ದರು. ಕೆರೆಗಳು ಬರಿದಾಗುತ್ತ ಬಂದವು. 1966ರಲ್ಲಿ ಸೇಂಟ್ ಪಾಲ್ ನಗರದಲ್ಲಿ ಗಿಲ್ ಹ್ಯಾಮ್ ಎಂಬುವರು ಮಸ್ಕೀಸ್ ಇನ್‌ಕಾರ್ಪೊರೇಟೆಡ್ ಎಂಬ ಸಂಘ ಕಟ್ಟಿ, ಮರಿ ಬಿಡುವುದು, ಹಿಡಿದದ್ದನ್ನು ಜೀವಂತ ಬಿಡುವುದು ಎರಡನ್ನೂ ರೂಢಿಗೆ ತರಲು ದುಡಿದರು. ಈಗ ಮಿನೆಸೋಟಾದಲ್ಲಿ 54 ಅಂಗುಲಕ್ಕಿಂತ, ಅಂದರೆ ನಾಲ್ಕೂವರೆ ಅಡಿಗಿಂತ ಚಿಕ್ಕ ಮಸ್ಕಿಯನ್ನು ಇಟ್ಟುಕೊಳ್ಳುವಂತೆಯೇ ಇಲ್ಲ. ಅಷ್ಟು ದೊಡ್ಡದು ಸಿಕ್ಕವರೂ ಬಿಡುವುದೇ ಹೆಚ್ಚು. ತಿನ್ನುವುದಕ್ಕೂ ಒಳ್ಳೆಯದಲ್ಲ. ದೊಡ್ಡ ಮೀನುಗಳ ಮಾಂಸದಲ್ಲಿ ಪಾದರಸ ಸೇರಿರುವುದರಿಂದ ಬಸುರಿಯರಿಗೂ ಮಕ್ಕಳಿಗೂ ಬೇಡವೆನ್ನುತ್ತಾರೆ. ನಮ್ಮ ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳಿವೆ, ಜನ ಪುರಿ ಹಾಕುತ್ತಾರೆ, ಯಾರೂ ಹಿಡಿಯುವುದಿಲ್ಲ ಎಂದು ನಾನೂ ಹೇಳಿದೆ. “ಆದರೆ ನಾವು ಅವನ್ನು ಕೊಕ್ಕೆಗೆ ಸಿಕ್ಕಿಸಿ ಆಮೇಲೆ ಬಿಡುವುದಿಲ್ಲ” ಅಂತಲೂ ಸೇರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು “ನೀವು ಹೇಳುವುದು ಸರಿ. ನನಗೂ ಒಂದೊಂದು ಸಲ ಹಾಗೇ ಅನಿಸುತ್ತದೆ” ಅಂದರು. ಆ ಮಾತಿಗೇ ನನಗೆ ಅವರು ಹಿಡಿಸಿದ್ದು.

ಅಂತೂ ಲೈಸೆನ್ಸ್ ತೆಗೆಸಿದ್ದಾಯಿತು. (ಹದಿನಾರು ತುಂಬದ ಮಕ್ಕಳಿಗೆ ಅದು ಬೇಡ, ಹಾಗಾಗಿ ಮೊಮ್ಮಗನೂ ಜೊತೆಗೆ.) ಮಗಳು “ಎಂತ ಅಮ್ಮ, ಈ ಪ್ರಾಯದಲ್ಲಿ ಕೈಕಾಲು ಮುರ್ಕೊಂಡ್ರೆ?” ಎಂದು ಗೊಣಗಿದಳು. ಅಳಿಯ ಮಾತ್ರ “ಹೋಗಿ ಬನ್ನಿ ಅತ್ತೆ” ಎಂದು ಫ್ಲಾಸ್ಕಿಗೆ ತಾನೇ ಕಾಫಿ ತುಂಬಿಸಿ ಕೊಟ್ಟ.

ದೋಣಿ ಒಬ್ಬ ಪ್ಲಂಬರನದು, ಗಟ್ಟಿ ದನಿಯ ಗಂಡಾಳು. ಟೀಚರಮ್ಮನ ಹಳೆಯ ವಿದ್ಯಾರ್ಥಿಯಾದ್ದರಿಂದ ಅವರ ಮುಂದೆ ಬೆಕ್ಕಿನ ಮರಿ. ಮೊದಲ ದಿನವೇ ನನ್ನಿಂದ ಒಂದು ಅನಾಹುತ. ಬುತ್ತಿಯ ಜೊತೆ ಒಂದು ಚಿಪ್ಪು ಬಾಳೆಹಣ್ಣು ಒಯ್ದಿದ್ದೆ. ಅದನ್ನು ಕಂಡದ್ದೇ ತಡ, ಹಾವು ಕಂಡವನ ಹಾಗೆ ಕೂಗಿಕೊಂಡ ಆ ಮನುಷ್ಯ! ದೋಣಿಯಲ್ಲಿ ಬಾಳೆಹಣ್ಣು ಇದ್ದರೆ ಮೀನು ಸಿಗುವುದಿಲ್ಲವೆಂದು ಅವರ ನಂಬಿಕೆಯಂತೆ. ಹೊಸ ದೋಣಿ ನೀರಿಗಿಳಿಸುವಾಗ ಬಾಳೆಹಣ್ಣು ತೆಂಗಿನಕಾಯಿ ಇಟ್ಟು ಪೂಜೆ ಮಾಡುವ ನಾಡಿನಿಂದ ಬಂದವಳು ನಾನು. ಏನು ಮಾಡುವುದು, ಹಣ್ಣನ್ನು ಕಾರಿನಲ್ಲಿಟ್ಟು ಬಂದೆ. ಅವತ್ತೂ ಮೀನು ಸಿಗಲಿಲ್ಲ ಎಂಬುದು ಬೇರೆ ಮಾತು.

ಈ ಗಾಳಕ್ಕೆ ಎರೆಹುಳು ಸಿಕ್ಕಿಸಿ ಕೂರುವುದಲ್ಲ. ಕೃತಕ ಮೀನು ಕಟ್ಟಿ ಎಸೆಯಬೇಕು, ಎಳೆಯಬೇಕು, ಮತ್ತೆ ಎಸೆಯಬೇಕು. ಕೆಲವು ಲಟ್ಟಣಿಗೆಯಷ್ಟುದ್ದದ ಮರದ ತುಂಡು, ಕೆಲವಕ್ಕೆ ಜಿಂಕೆ ಬಾಲದ ಕೂದಲು ಕಟ್ಟಿ ಮುಂದೆ ಗರಗರ ತಿರುಗುವ ತಗಡು. ಹಲ್ಲಿಗೆ ದಾರ ತುಂಡಾಗದಂತೆ ತುದಿಯಲ್ಲೊಂದು ಗಟ್ಟಿ ತಂತಿ. ಒಂದು ಸಂಜೆಗೆ ಇನ್ನೂರು ಸಲ ಎಸೆದರೆ ರಾತ್ರಿ ಹೆಗಲು ಹಿಟ್ಟಿನ ಚಕ್ಕೆಯ ಹಾಗೆ. ದೋಸೆಗೆ ರುಬ್ಬುಗುಂಡಿನಲ್ಲಿ ಅರೆದ ಕೈ ಅಂತ ಜಂಭಪಟ್ಟಿದ್ದೆ, ಮೂರನೇ ದಿನಕ್ಕೆ ಇಳಿಯಿತು. ಎರಡನೇ ವಾರ ನನ್ನ ಕೊಕ್ಕೆ ಟೀಚರಮ್ಮನ ಟೋಪಿಯನ್ನು ಎತ್ತಿಕೊಂಡು ಹೋಗಿ ನೀರಿಗೆ ಹಾಕಿತು. “ಇದನ್ನು ಬಿಡಬೇಡಿ, ಇಟ್ಟುಕೊಳ್ಳಬಹುದು” ಅಂದರು ಅವರು.

ಒಂದು ವಿದ್ಯೆ ಮಾತ್ರ ನನಗೆ ಸಲೀಸಾಗಿ ಬಂತು. ಮಸ್ಕಿ ಬಲು ಕುತೂಹಲದ ಮೀನು. ಎಳೆಯುತ್ತಿರುವ ಗಾಳದ ಹಿಂದೆಯೇ ದೋಣಿಯ ಪಕ್ಕದವರೆಗೂ ಬರುತ್ತದೆ, ಬಾಯಿ ಹಾಕುವುದಿಲ್ಲ. ಹಾಗಾಗಿ ಗಾಳವನ್ನು ಮೇಲೆತ್ತುವ ಮೊದಲು ಕೋಲಿನ ತುದಿಯನ್ನು ನೀರೊಳಗೆ ಇಳಿಸಿ ಇಂಗ್ಲಿಷಿನ 8 ಬರೆಯಬೇಕು. ಅದೂ ದೊಡ್ಡದಾಗಿ, ಏಕೆಂದರೆ ಉದ್ದ ಮೈಯ ಮೀನು ಇಕ್ಕಟ್ಟಿನ ತಿರುವಿನಲ್ಲಿ ತಿರುಗಲಾರದು. ಆ ತಿರುವಿನಲ್ಲೇ ಬಹಳ ಸಲ ಅದು ಎರಗುವುದು. ಪ್ರತಿ ಎಸೆತಕ್ಕೂ, ಮೀನು ಕಾಣಲಿ ಕಾಣದಿರಲಿ, ತಪ್ಪದೆ ಬರೆಯಬೇಕು. ಗಂಡಸರಿಗೆ ಇಲ್ಲೇ ಬೇಸರ. ನಮಗೇನು! ಐವತ್ತು ವರ್ಷ ದಿನಾ ಬೆಳಿಗ್ಗೆ, ಯಾರು ನೋಡಲಿ ನೋಡದಿರಲಿ, ಹೊಸ್ತಿಲ ಮುಂದೆ ಎಳೆ ಕಡಿಯದಂತೆ ರಂಗೋಲಿ ಎಳೆದ ಕೈ. ಪ್ಲಂಬರ್ ನನ್ನ ಎಂಟನ್ನು ನೋಡಿ ತಲೆದೂಗಿದ. ಕನ್ನಡದ ಎಂಟು ಹೇಗಿರುತ್ತದೆ ಎಂದು ಮೊಮ್ಮಗ ಕೇಳಿದ್ದಕ್ಕೆ ಬೆರಳನ್ನು ನೀರಲ್ಲದ್ದಿ ದೋಣಿಯ ಹಲಗೆಯ ಮೇಲೆ ‘೮’ ಬರೆದು ತೋರಿಸಿದೆ. “ಇದರಲ್ಲಿ ಮೀನು ಹೊರಗೆ ಓಡಿಹೋಗುತ್ತದೆ” ಅಂದ, ಇಂಗ್ಲಿಷಿನಲ್ಲಿ. ನಿಜವೇ, ನಮ್ಮ ಎಂಟಿಗೆ ಬಾಗಿಲು ತೆರೆದೇ ಇದೆ.

ಅವನು ಒಂದು ಪುಟ್ಟ ಪುಸ್ತಕದಲ್ಲಿ ಅಗಸರ ಲೆಕ್ಕ ಬರೆದಂತೆ ನನ್ನ ಎಸೆತಗಳನ್ನು ಗೀಟು ಹಾಕಿ ಎಣಿಸತೊಡಗಿದ. ಬಿಡುವಿದ್ದ ಸಂಜೆಗಳಲ್ಲೆಲ್ಲ ಹೊರಟುಬಿಡುತ್ತಿದ್ದೆವು. ಒಬ್ಬೊಬ್ಬರದು ಒಂದೊಂದು ಶಾಸ್ತ್ರ. ಮೋಡವಿದ್ದರೆ ಒಳ್ಳೆಯದು ಎಂದು ಪ್ಲಂಬರ್. ಚಂದ್ರ ಮೂಡುವ ಮುಳುಗುವ ಹೊತ್ತೇ ಹೊತ್ತು ಎಂದು ಟೀಚರಮ್ಮ. ನಮ್ಮ ಪಂಚಾಂಗವನ್ನು ನೆನೆದು ನಾನು ನಕ್ಕೆ. ಒಂದು ಭಾನುವಾರ ಎಲ್ಲರೂ ಸೇರಿ ಪಕ್ಕದ ವಿಸ್ಕಾನ್ಸಿನ್ ರಾಜ್ಯದ ಹೇವರ್ಡ್ ಎಂಬ ಊರಿಗೆ ಹೋಗಿಬಂದೆವು. ಮಸ್ಕಿ ಆ ರಾಜ್ಯದ ಅಧಿಕೃತ ಮೀನು, 1955ರಿಂದ. ಹೇವರ್ಡಿನ ಮೀನುಗಾರಿಕೆ ಸಂಗ್ರಹಾಲಯದಲ್ಲಿ 143 ಅಡಿ ಉದ್ದದ ಮಸ್ಕಿಯ ಕಟ್ಟಡವಿದೆ. ಹೊಟ್ಟೆಯೊಳಗೆ ಮೆಟ್ಟಿಲು ಹತ್ತಿ ಹೋಗಿ ಬಾಯಲ್ಲಿ, ಹಲ್ಲುಗಳ ನಡುವೆ ನಿಂತು ಊರು ನೋಡಬಹುದು. ಅಲ್ಲಿ ಮದುವೆಯಾಗುವವರೂ ಇದ್ದಾರಂತೆ! ಲೂಯಿ ಸ್ಪ್ರೇ ಎಂಬುವರು 1949ರಲ್ಲಿ ಹಿಡಿದ ಸುಮಾರು ಮೂವತ್ತೊಂದೂವರೆ ಕಿಲೋದ ಮಸ್ಕಿಯೇ ಲೋಕದಲ್ಲಿ ದೊಡ್ಡದೆಂದು ಈ ಸಂಗ್ರಹಾಲಯದ ಲೆಕ್ಕ. ಅಲ್ಲ, ಅದೇ ವರ್ಷ ಅದೇ ಸೀಮೆಯಲ್ಲಿ ಕ್ಯಾಲ್ ಜಾನ್ಸನ್ ಹಿಡಿದದ್ದೇ ದಾಖಲೆ ಎಂದು ಇನ್ನೊಂದು ಸಂಸ್ಥೆ. ಹಿಡಿದವರೂ ಇಲ್ಲ, ಮೀನೂ ಇಲ್ಲ, ಜಗಳ ಮಾತ್ರ ಇನ್ನೂ ಇದೆ. ಆಸ್ತಿ ಪಾಲಿನ ಮಾತು ನೆನಪಾಯಿತು ನನಗೆ.

ಇರಲಿ. ಈಗ ಹೇಳಲು ಮನಸ್ಸಿಲ್ಲದ ಭಾಗ.

ಜುಲೈ ಕೊನೆ. ಮರುವಾರ ನಾನು ಮಗನ ಮನೆಗೆ, ಟೆಕ್ಸಾಸಿಗೆ ಹೊರಡುವುದಿತ್ತು, ಒಂದು ತಿಂಗಳ ಮಟ್ಟಿಗೆ. ಮೊಮ್ಮಗನ ಪುಸ್ತಕದಲ್ಲಿ ನನ್ನ ಹೆಸರಿನಲ್ಲಿ ಎರಡು ಸಾವಿರದ ಆರುನೂರು ಚಿಲ್ಲರೆ ಗೀಟು. ಮೀನು ಸೊನ್ನೆ. ಆ ವಾರ ಭಾರೀ ಸೆಕೆ. ಟೀಚರಮ್ಮನ ಒಂದು ಕಟ್ಟುನಿಟ್ಟು ಏನೆಂದರೆ ನೀರಿನ ಉಷ್ಣತೆ 80 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 27 ಡಿಗ್ರಿ, ಮಸ್ಕಿಗೆ ಗಾಳ ಹಾಕುವಂತಿಲ್ಲ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ಕೊಕ್ಕೆಯೊಡನೆ ಗುದ್ದಾಡಿದ ಮೀನಿನ ಮೈಯೊಳಗೆ ಆಮ್ಲ ತುಂಬಿಕೊಂಡಿರುತ್ತದೆ, ಅದು ಇಳಿಯುವಷ್ಟು ಉಸಿರು ಆ ನೀರಿನಲ್ಲಿ ಸಿಗುವುದಿಲ್ಲ. ಈಜಿಕೊಂಡು ಹೋದ ಹಾಗೆ ಕಂಡರೂ ಆಮೇಲೆ ಸಾಯುತ್ತದೆ.

ಆ ಸಂಜೆ ದೋಣಿಯ ಮಾಪಕ 80 ತೋರಿಸುತ್ತಿತ್ತು. “ಇವತ್ತು ಬೇಡ” ಅಂದರು. ನಾನು ಬಿಡಲಿಲ್ಲ. ಒಂದೇ ಡಿಗ್ರಿ ತಾನೇ, ಸೂರ್ಯ ಇಳಿದ ಮೇಲೆ ತಂಪಾಗುತ್ತದೆ, ನಾನು ಮತ್ತೆ ಯಾವಾಗ ಬರುತ್ತೇನೋ, ನನ್ನಂಥವಳಿಗೆ ಎಲ್ಲಿ ಮೀನು ಸಿಗುತ್ತದೆ, ಸುಮ್ಮನೆ ಎಸೆದು ಬರೋಣ ಎಂದೆಲ್ಲ ಮೊಮ್ಮಗನ ಬಾಯಲ್ಲಿ ಹೇಳಿಸಿದೆ. ಮಗುವಿನ ಬಾಯಲ್ಲಿ ಹೇಳಿಸಿದ್ದು ನೋಡಿ, ಅದು ಈಗಲೂ ಚುಚ್ಚುತ್ತದೆ. ಅವರು ಪ್ಲಂಬರನ ಮುಖ ನೋಡಿದರು. ಅವನು ಭುಜ ಕುಣಿಸಿದ. ಹೊರಟೆವು.

ಹೊತ್ತು ಮುಳುಗಲು ಇನ್ನೇನು ಅರ್ಧ ಗಂಟೆ. ನಾನು ಎಂಟು ಬರೆಯುತ್ತಿದ್ದೆ. ಎರಡನೇ ಸುತ್ತಿನಲ್ಲಿ, ನನ್ನ ಮೊಣಕಾಲಿನಿಂದ ಒಂದು ಮಾರು ದೂರದಲ್ಲಿ ನೀರು ಬಾಯಿಬಿಟ್ಟ ಹಾಗಾಯಿತು, ಕೋಲು ಕೈಯಿಂದ ಕಿತ್ತುಹೋಗುವಂತೆ ಬಗ್ಗಿತು. ನಾನು ಕಿರುಚಿದ್ದು ಕುಂದಾಪುರಕ್ಕೆ ಕೇಳಿಸಿರಬೇಕು. ಪ್ಲಂಬರ್ ಬಲೆ ಹಾಕಿದ. 36 ಅಂಗುಲ, ಮೂರಡಿ. ಮೈಮೇಲೆ ಹಸಿರು ಬಂಗಾರದ ಬಣ್ಣದ ಪಟ್ಟೆ, ಕೆಂಪು ರೆಕ್ಕೆ. ಕೊಕ್ಕೆ ಆಳಕ್ಕೆ ಕಚ್ಚಿತ್ತು, ಇಕ್ಕಳದಿಂದ ತೆಗೆಯಲು ತಡವಾಯಿತು. ಒಂದೇ ಒಂದು ಸಲ ಎತ್ತಬಹುದು, ಅದೂ ಅಡ್ಡಡ್ಡ ಹಿಡಿದು, ನಿಮ್ಮ ಉಸಿರು ಹಿಡಿದುಕೊಂಡು. ನಿಮಗೆ ಉಸಿರು ಬೇಕೆನಿಸಿದಾಗ ಅದಕ್ಕೂ ಬೇಕು ಎಂದು ಅವರು ಜೂನಿನಲ್ಲೇ ಕಲಿಸಿದ್ದರು. ಎತ್ತಿದೆ. ಮೊಮ್ಮಗ ಫೋಟೋ ತೆಗೆದ. ಅವನ ಕೈ ನಡುಗಿ ಚಿತ್ರ ಮಸುಕಾಗಿತ್ತು. ನೀರಿಗಿಳಿಸಿದ ಮೀನನ್ನು ನಾನು ಇನ್ನೊಂದು ಸಲ ಎತ್ತಿದೆ. “ಇನ್ನೊಂದು ತೆಗೆ ಮಗ, ಅಕ್ಕನಿಗೆ ಕಳಿಸಬೇಕು” ಅಂದೆ. ಟೀಚರಮ್ಮ ಏನೋ ಅಂದರು, ಅರ್ಥವಾಗದವಳ ಹಾಗೆ ಇದ್ದುಬಿಟ್ಟೆ. ಅರ್ಥವಾಗಿತ್ತು.

ಬಿಟ್ಟಾಗ ಅದು ಹೋಗಲಿಲ್ಲ. ಮಗ್ಗುಲಾಯಿತು. ಟೀಚರಮ್ಮ ದೋಣಿಯಂಚಿಗೆ ಹೊಟ್ಟೆ ಆನಿಸಿ, ಎರಡೂ ತೋಳು ನೀರಿಗಿಳಿಸಿ, ಬಾಲದ ಬುಡ ಹಿಡಿದು ಅದನ್ನು ನೆಟ್ಟಗೆ ನಿಲ್ಲಿಸಿಕೊಂಡೇ ಇದ್ದರು. ಅರವತ್ತೆಂಟು ವರ್ಷದ ಹೆಂಗಸು. ಮುಕ್ಕಾಲು ಗಂಟೆ. ಕಿವಿರು ಅಲುಗುವುದು ನಿಧಾನವಾಗುತ್ತ ಬಂತು. ಕತ್ತಲಾಯಿತು. ಕೊನೆಗೆ ಅವರು ಕೈ ಮೇಲೆತ್ತಿದರು, ಬಿಳಿ ಹೊಟ್ಟೆ ಮೇಲಾಗಿ ಅದು ದೋಣಿಯ ದೀಪದ ಬೆಳಕಿನಲ್ಲಿ ತೇಲುತ್ತಿತ್ತು.

“ಮನೆಗಾದರೂ ಒಯ್ಯೋಣ, ಸಾರು ಮಾಡುತ್ತೇನೆ” ಅಂದೆ. ಸತ್ತ ಮೀನನ್ನು ನೀರಿನಲ್ಲಿ ಬಿಟ್ಟು ಹೋಗುವುದನ್ನು ನನ್ನ ಜೀವಮಾನದಲ್ಲಿ ಕಂಡಿರಲಿಲ್ಲ. ಆಗುವುದಿಲ್ಲ. ಕಾನೂನಿನ ಪ್ರಕಾರ ಅಳತೆಗೆ ಸಾಲದ ಮೀನು ಸತ್ತಿದ್ದರೂ ನೀರಿಗೇ ಬಿಡಬೇಕು, ಇಲ್ಲವಾದರೆ ಎಲ್ಲರೂ ಸತ್ತಿತ್ತು ಎಂದೇ ಹೇಳಿಯಾರು. ಬಿಟ್ಟು ಬಂದೆವು. ದಡಕ್ಕೆ ಬಂದ ಮೇಲೆ ಟೀಚರಮ್ಮ ಅಂದದ್ದು ಇಷ್ಟೇ: “ನಾನು ಬೇಡ ಎನ್ನಬೇಕಿತ್ತು.” ಬೈದಿದ್ದರೆ ವಾಸಿಯಿತ್ತು.

ಕಾರಿನಲ್ಲಿ ಮೊಮ್ಮಗ ಮಾತಾಡಲಿಲ್ಲ. ರಾತ್ರಿ ಊಟಕ್ಕೂ ಬರಲಿಲ್ಲ. ಕೋಣೆಗೆ ಹೋಗಿ ನೋಡಿದರೆ ಗೋಡೆಗೆ ಮುಖ ಮಾಡಿ ಮಲಗಿದ್ದಾನೆ. ಫೋಟೋ ಸರಿಯಾಗಿ ತೆಗೆದಿದ್ದರೆ ಎರಡನೇ ಸಲ ಎತ್ತಬೇಕಾಗಿರಲಿಲ್ಲ, ತನ್ನಿಂದಲೇ ಸತ್ತದ್ದು ಎಂದು ಕೂತುಬಿಟ್ಟಿತ್ತು ಅವನ ತಲೆಯಲ್ಲಿ. ನನಗೆ ಎದೆ ಧಸಕ್ಕೆಂದಿತು. ಅವನ ಪಕ್ಕದಲ್ಲಿ ಕೂತು ಹೇಳಿದೆ. ನೀನಲ್ಲ ಮಗ. ಹೋಗಬಾರದು ಅಂದಾಗ ಹೋಗಿಸಿದವಳು ನಾನು, ಎತ್ತಬಾರದು ಅಂದಾಗ ಎತ್ತಿದವಳೂ ನಾನು. ಟೀಚರಮ್ಮ ಹೇಳಿದ್ದು ನನಗೆ ತಿಳಿದಿತ್ತು. ಆಸೆಯಾಯಿತು, ಮಾಡಿದೆ. ದೊಡ್ಡವರು ಮಕ್ಕಳ ಎದುರು ಹೀಗೆ ಹೇಳಿಕೊಳ್ಳುವುದು ನಮ್ಮ ಮನೆಗಳಲ್ಲಿ ಅಭ್ಯಾಸವಿಲ್ಲವಲ್ಲ, ಒಂದೊಂದು ಮಾತೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಅವನು ಸ್ವಲ್ಪ ಹೊತ್ತು ಬಿಟ್ಟು, ತಿರುಗದೆಯೇ, “ಎರಡೂ ಫೋಟೋ ಅಳಿಸ್ಲಾ?” ಎಂದು ಕೇಳಿದ. ಕನ್ನಡದಲ್ಲೇ ಕೇಳಿದನೆಂಬುದು ನನಗೆ ಹೊಳೆದದ್ದು ಆಮೇಲೆ. “ಮಸುಕಾದದ್ದು ಇರಲಿ” ಅಂದೆ.

ಸೆಪ್ಟೆಂಬರಿನಲ್ಲಿ ವಾಪಸು ಬಂದಾಗ ನಾನು ಕೋಲು ಮುಟ್ಟುವುದಿಲ್ಲವೆಂದು ತೀರ್ಮಾನಿಸಿಯೇ ಇದ್ದೆ. ಟೀಚರಮ್ಮ ನನ್ನನ್ನು ಅವರ ಸಂಘದ ತಿಂಗಳ ಸಭೆಗೆ ಕರೆದೊಯ್ದರು. ಒಂದು ಹೋಟೆಲಿನ ಹಿಂದಿನ ಕೋಣೆ, ಮೂವತ್ತು ಜನ, ಕಾಲು ಭಾಗ ಹೆಂಗಸರು. ಸುಡುಬೇಸಿಗೆಯಲ್ಲಿ ಯಾರ್ಯಾರು ಏನೇನು ಮಾಡಿದರು ಎಂಬ ಮಾತು ಬಂತು. ಮೊಮ್ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ನಾನು ಎದ್ದು ಹೇಳಿದೆ. ಈ ಸಲ ಅವನು ಹೇಳಿದ್ದು ನನ್ನ ನಿಜವಾದ ಮಾತು. ಯಾರೂ ಬುದ್ಧಿ ಹೇಳಲಿಲ್ಲ. ಎಂಬತ್ತು ದಾಟಿದ ಅಜ್ಜರೊಬ್ಬರು ತಮ್ಮ ಯೌವನದಲ್ಲಿ ಎಷ್ಟನ್ನು ಹಗ್ಗಕ್ಕೆ ನೇತುಹಾಕಿದ್ದೆ ಎಂದು ಬೆರಳು ಮಡಚಿ ಎಣಿಸತೊಡಗಿ, ನಡುವೆ ಲೆಕ್ಕ ಬಿಟ್ಟರು. ಚಹಾ ಹೊತ್ತಿಗೆ ಇಬ್ಬರು ಹೆಂಗಸರು ಬಂದು, ಬಲೆಯಲ್ಲಿ ನೀರೊಳಗೇ ಇಟ್ಟು ಕೊಕ್ಕೆಯ ಮೂತಿಯನ್ನು ಕಟ್ಟರಿನಿಂದ ಕತ್ತರಿಸಿಬಿಡುವುದು ಹೇಗೆ ಎಂದು ಬಿಸ್ಕತ್ತು ಹಿಡಿದು ತೋರಿಸಿಕೊಟ್ಟರು. ಕೊಕ್ಕೆಗೆ ಮೂರು ಕಾಸು, ಕತ್ತರಿಸಿ ಎಸೆಯಿರಿ ಅಂದರು.

ಆ ತಿಂಗಳ ಕೊನೆಗೆ ಮತ್ತೆ ದೋಣಿ. ನೀರು ತಣ್ಣಗಾಗಿತ್ತು, ಮೇಪಲ್ ಮರಗಳು ಕುಂಕುಮದ ಬಣ್ಣಕ್ಕೆ ತಿರುಗಿದ್ದವು. ನಾನು ಸ್ವೆಟರಿನ ಮೇಲೆ ಶಾಲು ಹೊದ್ದು ಬಲೆ ಹಿಡಿಯುವ ಕೆಲಸಕ್ಕೆ ಕೂತೆ. ಗಾಳ ಮೊಮ್ಮಗನ ಕೈಯಲ್ಲಿ. ಬೆಳಿಗ್ಗೆ ಹತ್ತರ ಹೊತ್ತಿಗೆ ಅವನದಕ್ಕೆ ಹೊಡೆಯಿತು, ದೂರದಲ್ಲಿ, ಜೊಂಡಿನ ಅಂಚಿಗೆ. 38 ಅಂಗುಲ, ನನ್ನದಕ್ಕಿಂತ ಎರಡು ಹೆಚ್ಚು. ಬಲೆಗೆ ತಲೆಯ ಕಡೆಯಿಂದ ತೆಗೆದುಕೊಂಡೆ, ಪ್ಲಂಬರ್ ಕಟ್ಟರ್ ಕೊಟ್ಟ, ಎರಡು ಕೊಕ್ಕೆ ಕತ್ತರಿಸಿದೆ. ಕೈ ನಡುಗಲಿಲ್ಲ, ಎಷ್ಟು ಕಾಣೆ, ಎಷ್ಟು ಬಂಗುಡೆ ಹಸನು ಮಾಡಿದ ಕೈ. ನನಗೇ ತಿಳಿಯದೆ ಉಸಿರು ಹಿಡಿದಿದ್ದೆ. “ಫೋಟೋ?” ಎಂದು ಟೀಚರಮ್ಮ ಕೇಳಿದರು. ಹುಡುಗ ತಲೆಯಾಡಿಸಿ ಬೇಡವೆಂದ. ಬಲೆಯ ಬಾಯನ್ನು ಬಗ್ಗಿಸಿದೆ. ಒಂದು ಗಳಿಗೆ ಅದು ನನ್ನ ಅಂಗೈ ಮೇಲೇ ನಿಂತಿತ್ತು, ಆಮೇಲೆ ಬಾಲ ಬೀಸಿ ನಮ್ಮೆಲ್ಲರ ಮುಖಕ್ಕೂ ನೀರೆರಚಿ ಆಳಕ್ಕಿಳಿಯಿತು.

“ಹೋಯ್ತು, ಅಮ್ಮಮ್ಮ! ಹೋಯ್ತು!” ಎಂದು ಕೂಗಿದ.

ಅವನ ಪುಸ್ತಕ ಈಗ ನನ್ನ ಬಳಿ ಇದೆ, ಹೊರಡುವ ದಿನ ಪೆಟ್ಟಿಗೆಯಲ್ಲಿ ತುರುಕಿದ್ದ. ನನ್ನ ಹೆಸರಿನ ಮುಂದೆ 2,847 ಗೀಟು, ಒಂದು ಮೀನು. ಆ ಮೀನಿನ ಎದುರು ತಾರೀಖು ಬರೆದು ಪಕ್ಕದಲ್ಲಿ 80 ಎಂದಷ್ಟೇ ಬರೆದಿದ್ದಾನೆ. ಕೊನೆಯ ಪುಟದಲ್ಲಿ ‘೮’ ಬರೆಯಲು ಕಲಿತ ಸಾಲುಗಳಿವೆ, ಮೊದಲ ಎರಡು ಸೊಟ್ಟ.

ಹೊಳೆನರಸೀಪುರದ ಸೋದರಿಗೆ: ಹಲಸಿನ ಕಾಲ ಹೋದರೇನು, ಬಾಳೆಕಾಯಿ ಹಪ್ಪಳವೂ ಅಷ್ಟೇ ಚೆನ್ನಾಗಿ ಬರುತ್ತದೆ. ಮುಂದಿನ ಸಂಚಿಕೆಯಲ್ಲಿ ಅಳತೆ ಸಮೇತ ಬರೆಯುತ್ತೇನೆ, ಅಷ್ಟರಲ್ಲಿ ನೀವು ಒಳ್ಳೆ ಬಲಿತ ಒಂದು ಗೊನೆ ನೋಡಿಟ್ಟುಕೊಳ್ಳಿ.